ನೀರಿನ ಪಂಪು ಮತ್ತು ಮಜೂರಿಯ ಲೆಕ್ಕ



ಇವತ್ತು ಕಾರಿನ ನೀರಿನ ಪಂಪಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಬಾವಿಯ ಪಂಪಿನ ವಿಷಯದಲ್ಲಿ ನಮ್ಮ ಭಾಗದ ರೈತರಿಗೆ ನಾನು ಹೇಳುವಂಥದೇನೂ ಇಲ್ಲ, ಅವರೇ ನನಗೆ ಕಲಿಸಿಯಾರು. ಆದರೆ ಈಗ ಅಕ್ಕಲಕೋಟ, ಸೊಲ್ಲಾಪುರದ ಕಡೆ ಬಾಡಿಗೆ ಕಾರು ಇಟ್ಟುಕೊಂಡು ಬದುಕುವ ಹುಡುಗರು ಬಹಳ ಆಗಿದ್ದಾರೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರನ್ನು ಗಾಣಗಾಪುರ, ತುಳಜಾಪುರ, ಪಂಢರಪುರಕ್ಕೆ ಕರೆದೊಯ್ದು ತಂದು ಬಿಡುವುದು ಅವರ ಉದ್ಯೋಗ. ಈ ಮಾತು ಅವರಿಗೆ, ಮತ್ತು ಅವರ ಸಾಲಕ್ಕೆ ಜಾಮೀನು ನಿಂತ ಕಾಕಾ-ಮಾಮಾಗಳಿಗೆ.

ನಾನು ಮೆಕ್ಯಾನಿಕ್ ಅಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿ, ನಿವೃತ್ತಿಯಾಗುವ ತನಕ ಗುಮಾಸ್ತನಾಗಿ ಅಂಕಿ ಬರೆದವನು. ಬಿಲ್ಲು ಓದುವುದು ಮಾತ್ರ ಚೆನ್ನಾಗಿ ಬರುತ್ತದೆ.

ಎಂಜಿನ್ನಿನೊಳಗೆ ಇಂಧನ ಉರಿಯುವಾಗ ಎರಡು ಸಾವಿರ ಡಿಗ್ರಿಯ ಆಸುಪಾಸು ಕಾವು ಹುಟ್ಟುತ್ತದೆ. ಆ ಕಾವನ್ನು ಹೊತ್ತು ತಂದು ರೇಡಿಯೇಟರಿಗೆ ಸುರಿಯುವುದು ನೀರು. ಆ ನೀರನ್ನು ಓಡಿಸುವುದು ಈ ಪಂಪು. ಅಂಗೈಯಗಲದ ಒಂದು ಚಕ್ರ, ಒಂದು ದಂಡ, ಒಂದು ಬೇರಿಂಗು, ನೀರು ಬೇರಿಂಗಿಗೆ ಹೋಗದಂತೆ ತಡೆಯುವ ಒಂದು ಸೀಲು. ಇಷ್ಟೇ ಅದರ ಸಂಸಾರ. ಸೀಲು ಸವೆದರೆ ನೀರು ಹೊರಗೆ ಬೀಳಲೆಂದು ದಂಡದ ಕೆಳಗೆ ಒಂದು ಸಣ್ಣ ತೂತನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅಲ್ಲಿ ಹನಿ ಕಂಡರೆ ಪಂಪಿನ ಆಯುಷ್ಯ ಮುಗಿಯುತ್ತ ಬಂತೆಂದು ತಿಳಿಯಬೇಕು. ಕೆಲವರು ಆ ತೂತಿಗೇ ಎಂ-ಸೀಲ್ ಮೆತ್ತುತ್ತಾರೆ! ಆಗ ನೀರು ಬೇರಿಂಗಿನ ಕಡೆಗೇ ದಾರಿ ಹುಡುಕುತ್ತದೆ.

ಹಿಂದೆ ಅಂಬಾಸಿಡರ್ ಕಾರಿನಲ್ಲಿ ಈ ಪಂಪು ಎಂಜಿನ್ನಿನ ಮುಂಭಾಗದಲ್ಲೇ, ಫ್ಯಾನಿನ ಹಿಂದೆ ಕೂತಿರುತ್ತಿತ್ತು. ನಮ್ಮ ಸೋದರಮಾವನವರ ಗಾಡಿಗೆ ಪಂಪು ಕೆಟ್ಟರೆ ಮಿಸ್ತ್ರಿ ರೇಡಿಯೇಟರು ಇಳಿಸಿ, ಫ್ಯಾನು ಬೆಲ್ಟು ಬಿಚ್ಚಿ, ನಾಲ್ಕು ಬೋಲ್ಟು ತೆಗೆದು ಅದನ್ನು ಕೈಗೆ ತರುತ್ತಿದ್ದ. ಪಂಪು ಹೊಸದೂ ಬೇಕಿರಲಿಲ್ಲ. ಬೇರಿಂಗು, ಸೀಲು ಇರುವ ಕಿಟ್ಟು ಹಾಕಿ ಅದೇ ಪಂಪನ್ನು ಮತ್ತೆ ಕೂಡಿಸುತ್ತಿದ್ದರು. ಸಂಜೆಗೆ ಗಾಡಿ ಓಡುತ್ತಿತ್ತು.

ಈಗ ಕೆಲವು ಎಂಜಿನ್ನುಗಳಲ್ಲಿ ಈ ಸಲೀಸು ಉಳಿದಿಲ್ಲ. ಲೋಗನ್, ಡಸ್ಟರ್ ಕಾರುಗಳಲ್ಲಿ ಬಂದ ರೆನೋ ಕಂಪನಿಯ 1.5 ಲೀಟರ್ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರಲ್ಲಿ ಪಂಪನ್ನು ತಿರುಗಿಸುವುದು ಒಳಗಿನ ಟೈಮಿಂಗ್ ಬೆಲ್ಟು, ಅಂದರೆ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಏಳಿಸುವ ಬೆಲ್ಟು. ಪಂಪಿಗೆ ಕೈ ಹಾಕಬೇಕಾದರೆ ಬಲಗಡೆಯ ಚಕ್ರ ತೆಗೆಯಬೇಕು, ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಟ್ಟು ಅದರ ಮೌಂಟಿಂಗ್ ಬಿಚ್ಚಬೇಕು, ಪುಲ್ಲಿ, ಕವರು ತೆಗೆಯಬೇಕು, ಪಿನ್ನು ಹಾಕಿ ಕ್ರ್ಯಾಂಕು, ಕ್ಯಾಮು ಎರಡನ್ನೂ ಅಲುಗದಂತೆ ನಿಲ್ಲಿಸಿ ಬೆಲ್ಟು ಬಿಚ್ಚಬೇಕು. ಪಿನ್ನಿಲ್ಲದೆ ಬರೀ ಗುರುತು ಹಾಕಿ ಮಾಡುವ ಮಿಸ್ತ್ರಿಗಳೂ ಇದ್ದಾರೆ. ಒಂದೆರಡು ಹಲ್ಲು ಹೆಚ್ಚುಕಡಿಮೆಯಾದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಪಂಪಿನ ಬೇರಿಂಗು ಹಿಡಿದುಕೊಂಡು ಬೆಲ್ಟು ಹರಿದರೂ ಅದೇ ಗತಿ. ಹಳೆಯ ಡೀಸೆಲ್ ಸ್ವಿಫ್ಟಿನಲ್ಲಿ ಒಳಗೆ ಚೈನು ಇದೆ, ಪಂಪು ಹೊರಗಿನ ಬೆಲ್ಟಿನಲ್ಲಿ ತಿರುಗುತ್ತದೆ; ಅಲ್ಲಿ ಕೆಲಸ ಹಗುರ. ಆದ್ದರಿಂದ ಹಳೆಯ ಗಾಡಿ ಕೊಳ್ಳುವಾಗ ಮೈಲೇಜು, ಬಣ್ಣ ಕೇಳಿದಂತೆ ಪಂಪು ಯಾವ ಬೆಲ್ಟಿನಲ್ಲಿದೆ ಎಂಬುದನ್ನೂ ಕೇಳಿರಿ.

ನನ್ನ ತಮ್ಮನ ಮಗನ ಹತ್ತಿರ ಇದ್ದದ್ದು ಒಳಬೆಲ್ಟಿನ ಜಾತಿಯ ಗಾಡಿ. ಹೆಸರು ಬೇಡ. 2018ರ ದತ್ತ ಜಯಂತಿಯ ವಾರ. ಗಾಣಗಾಪುರಕ್ಕೆ ಬಾಡಿಗೆಯ ಮೇಲೆ ಬಾಡಿಗೆ ಬರುವ ಕಾಲ. ಫೋನು ಬಂತು: "ಕಾಕಾ, ದುಧನಿ ಹತ್ರ ನಿಂತೀನ್ರಿ. ಕಾಟಾ ಮ್ಯಾಲ ಹೋಗ್ಯದ, ಕೆಳಗ ನೀರು ಸುರೀಲಿಕ್ಹತ್ತದ." ಎಂಜಿನ್ ಬಂದ್ ಮಾಡು, ಮುಚ್ಚಳ ಮುಟ್ಟಬ್ಯಾಡ ಅಂದೆ. ಅವನು ಆಗಲೇ ಬಂದ್ ಮಾಡಿದ್ದ, ಜಾಣ ಹುಡುಗ. ಯಾತ್ರಿಕರನ್ನು ಬೇರೆ ಗಾಡಿಗೆ ಹತ್ತಿಸಿ, ತನ್ನ ಗಾಡಿಯನ್ನು ಎಳೆಸಿಕೊಂಡು ಬಂದ.

ಬಿಲ್ಲು ನಾನೇ ಓದಿದೆ. ಪಂಪು 2,800 ರೂಪಾಯಿ. ಬೆಲ್ಟು ಮತ್ತು ಟೆನ್ಶನರು 6,500. ಕೂಲಂಟು 900. ಮಜೂರಿ 4,500. ಒಟ್ಟು 14,700. ಕೆಟ್ಟದ್ದು 2,800ರ ವಸ್ತು, ಕೊಟ್ಟದ್ದು ಅದರ ಐದು ಪಟ್ಟು. ಮೇಲೆ ನಾಲ್ಕು ದಿವಸ ಗಾಡಿ ನಿಂತಿತು. ಹಬ್ಬದ ಬಾಡಿಗೆ ಹೋಯಿತು. ಐದನೇ ತಾರೀಖಿಗೆ ಸಾಲದ ಕಂತು ಇತ್ತು, ಅದಕ್ಕೆ ನನ್ನ ತಮ್ಮ ಮನೆಯ ತೊಗರಿ ಮಾರಿದ.

ನನಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ಗಾಡಿಯ ಕಾಗದಗಳನ್ನು ತಿರುವಿದಾಗ ಇನ್ನೊಂದು ಬಿಲ್ಲು ಸಿಕ್ಕಿತು. 92,000 ಕಿಲೋಮೀಟರಿಗೆ ಒಂದು ಗ್ಯಾರೇಜಿನವರು ಅದೇ ಬೆಲ್ಟು ಬದಲಿಸಿದ್ದರು. ಚಕ್ರ, ಮೌಂಟಿಂಗ್, ಪುಲ್ಲಿ ಎಲ್ಲ ಅಂದೇ ಬಿಚ್ಚಿತ್ತು. ಪಂಪು ಕಣ್ಣೆದುರಿಗೇ ಇತ್ತು. ಅದನ್ನು ಹಾಗೇ ಬಿಟ್ಟರು, ಹುಡುಗನನ್ನು ಒಂದು ಮಾತು ಕೇಳಲೂ ಇಲ್ಲ. 22,000 ಕಿಲೋಮೀಟರು ಓಡುವಷ್ಟರಲ್ಲಿ ಪಂಪು ಸೋರಿ ಹೊಸ ಬೆಲ್ಟನ್ನೂ ತೋಯಿಸಿತು. ತೋಯ್ದ ಬೆಲ್ಟನ್ನು ಮತ್ತೆ ಹಾಕುವಂತಿಲ್ಲ. ಹೀಗೆ ಒಂದೇ ಮಜೂರಿಯನ್ನು, ಒಂದೇ ಬೆಲ್ಟಿನ ಹಣವನ್ನು ಎರಡು ಸಲ ಕೊಟ್ಟಂತಾಯಿತು.

ನಮ್ಮ ಜನ ಚೌಕಾಸಿ ಮಾಡುವುದು ಮಜೂರಿಯ ಮೇಲೆ. "ಏನ್ರೀ ಮಿಸ್ತ್ರಿ, ನಾಕ್ ಬೋಲ್ಟ್ ಬಿಚ್ಚಾಕ ಇಷ್ಟ ರೊಕ್ಕ?" ಎನ್ನುತ್ತಾರೆ. ಆಮೇಲೆ ಪೇಟೆಯಿಂದ ಗುರುತಿಲ್ಲದ ಅಗ್ಗದ ಪಂಪು ತಂದು ಅವನ ಕೈಗೆ ಕೊಡುತ್ತಾರೆ. ಉಳಿಯುವುದು ಒಂದು ಸಾವಿರ. ಆ ಪಂಪು ವರ್ಷದೊಳಗೆ ಸೋರಿದರೆ ಅಂಗಡಿಯವನು ಬಹಳವಾದರೆ ಪಂಪು ಬದಲಿಸಿಕೊಟ್ಟಾನು, ಮಜೂರಿ ಕೊಡುವುದಿಲ್ಲ. ಒಳಬೆಲ್ಟಿನ ಗಾಡಿಗೆ ಬೆಲ್ಟು, ಟೆನ್ಶನರು, ಪಂಪು ಮೂರೂ ಒಂದೇ ಸಲ, ಒಳ್ಳೆಯ ಕಂಪನಿಯದೇ ಬೀಳಬೇಕು. ಎಷ್ಟು ಕಿಲೋಮೀಟರಿಗೆ ಎಂಬುದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ.

ನೀರಿನ ಮಾತು ಒಂದಿಷ್ಟು. ನಮ್ಮ ಬೋರಿನ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುವುದನ್ನು ಹೆಣ್ಣುಮಕ್ಕಳು ದಿನಾ ನೋಡುತ್ತಾರೆ. ಅದೇ ಪದರು ರೇಡಿಯೇಟರಿನಲ್ಲೂ ಕಟ್ಟುತ್ತದೆ. ಬರೀ ನೀರು ಹಾಕಿದರೆ ತುಕ್ಕು ಹಿಡಿದು ಸೀಲು ಬೇಗ ಸವೆಯುತ್ತದೆ. ಕೂಲಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ ಹಾಕಿರಿ.

ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನೆಲ ನೋಡಿರಿ. ಹನಿ ಇದೆಯೇ, ಎಂಜಿನ್ನಿನ ಬದಿಗೆ ಹಸಿರು ಅಥವಾ ಬಿಳಿ ಕಲೆ ಒಣಗಿದೆಯೇ, ಬೆಲ್ಟಿನ ಕಡೆಯಿಂದ ಗುರ್ ಎನ್ನುವ ಸದ್ದಿದೆಯೇ. ಬರೀ ಕಾಟಾ ನಂಬಿ ಕೂಡಬೇಡಿರಿ. ನೀರೆಲ್ಲ ಸೋರಿ ಹೋದಾಗ ಕಾವು ಅಳೆಯುವ ಸಾಧನಕ್ಕೆ ನೀರೇ ತಾಗದೆ, ಕಾಟಾ ಕೆಳಗಿಳಿದು ಎಲ್ಲ ಸರಿ ಇದ್ದಂತೆ ತೋರಿಸುವುದುಂಟು. ಮುಂದಿನ ಊರಿನ ತನಕ ಓಡಿಸಿಯೇ ಬಿಡೋಣ ಎಂದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ಟು ಸುಡುತ್ತದೆ. ಆ ಬಿಲ್ಲಿನ ಮುಂದೆ 14,700 ಸಣ್ಣದಾಗಿ ಕಾಣುತ್ತದೆ.

ಹೊಸ ಪಂಪು ಹಾಕಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಿಸಿಕೊಳ್ಳಿರಿ, ಹಳೆಯ ಪಂಪನ್ನು ಕೇಳಿ ಇಸಿದುಕೊಳ್ಳಿರಿ, ಎಷ್ಟು ಕಿಲೋಮೀಟರಿಗೆ ಬದಲಿಸಿತೆಂದು ಬರೆದಿಡಿರಿ. ನಮ್ಮ ಹುಡುಗ ಬಾನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ಬರೆಸಿದ್ದಾನೆ: ಬೆಲ್ಟು, ಟೆನ್ಶನರು, ಪಂಪು, 1,14,000.