ಗುಡ್ಡದ ಮೇಲೊಂದು ಪುಟ್ಟ ಮದುವೆ

ಹೋದ ತಿಂಗಳು ಒಂದು ರಾತ್ರಿ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. ಅವಳಿಗೆ ಇಪ್ಪತ್ತಾರು ವರ್ಷ. ಹುಡುಗ ಹಿಂದೂಪುರದ ಕಡೆಯವನು, ಮನೆಮಾತು ತೆಲುಗು. "ದೊಡ್ಡಮ್ಮ, ನಮಗೆ ಛತ್ರ ಬೇಡ. ಊರ ಹಿಂದಿನ ಗುಡ್ಡದ ಮೇಲೆ ಬೆಳಿಗ್ಗೆ ಹೋಗಿ ತಾಳಿ ಕಟ್ಟಿಸ್ಕೊಂಡ್ ಬಂದ್ಬಿಡ್ತೀವಿ. ನೀನೊಬ್ಬಳು ಬಾ ಸಾಕು. ಅಪ್ಪಂಗೆ ಆಮೇಲೆ ಹೇಳೋಣ" ಎಂದಳು. ಯಾಕಮ್ಮಾ ಎಂದು ಕೇಳಿದರೆ, "ಅಪ್ಪ ಛತ್ರಕ್ಕೆ, ಊಟಕ್ಕೆ ಅಂತ ಆ ಎರಡೆಕರೆ ಕಡಲೆಕಾಯಿ ಹೊಲ ಅಡ ಇಡೋಕೆ ಹೊರಟಿದಾರೆ. ಒಂದು ದಿನದ ಊಟಕ್ಕೆ ಹೊಲ ಹೋಗ್ಬೇಕಾ?" ಎಂದಳು. ಅವಳ ಅಪ್ಪಣೆ ಪಡೆದೇ ಈ ಮಾತನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಇಂಥ ಫೋನು ನಿಮ್ಮ ಮನೆಗೂ ಬರಬಹುದು, ಅಥವಾ ಫೋನ್ ಮಾಡುವವರು ನೀವೇ ಆಗಿರಬಹುದು.

ನಮ್ಮ ಕೊಡಿಕೊಂಡದ ಸುತ್ತ ಎರಡು ಭಾಷೆ ಬಲ್ಲ ನಮಗೆ ಪದಗಳ ತಮಾಷೆ ಚೆನ್ನಾಗಿ ಗೊತ್ತು. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಕನ್ನಡದಲ್ಲಿ ಕೊಂಡ ಎಂದರೆ ಜಾತ್ರೆಯಲ್ಲಿ ಹಾಯುವ ಕೆಂಡದ ಕೊಂಡ. ಮನೆಗೆ ಹೇಳದೆ ಮದುವೆಯಾದ ಹೆಣ್ಣನ್ನು ಕನ್ನಡದವರು ಓಡಿಹೋದಳು ಎನ್ನುತ್ತಾರೆ, ತೆಲುಗಿನವರು ಲೇಚಿಪೋಯಿಂದಿ, ಅಂದರೆ ಎದ್ದುಹೋದಳು ಎನ್ನುತ್ತಾರೆ. ಎರಡು ಭಾಷೆಯಲ್ಲೂ ಓಡುವವಳು, ಏಳುವವಳು ಹೆಣ್ಣೇ. ಜೊತೆಯಲ್ಲಿ ಹೋದ ಗಂಡಿನ ಮಾತು ಕಟ್ಟೆಯ ಮೇಲೆ ಅಷ್ಟಾಗಿ ಬರುವುದಿಲ್ಲ. ಶಕುಂತಲೆಯ ನಾಟಕವನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಇದು ಹೊಸದಲ್ಲ. ಹಳೆಯ ಶಾಸ್ತ್ರಗಳು ಎಣಿಸಿದ ಎಂಟು ಬಗೆಯ ವಿವಾಹಗಳಲ್ಲಿ ಗಾಂಧರ್ವವೂ ಒಂದು. ಕಾಡಿನಲ್ಲಿ ಒಪ್ಪಿ ಕೈ ಹಿಡಿದರು, ಸರಿ. ರಾಜನಿಗೆ ನೆನಪಿಲ್ಲ ಎಂದಾಗ ಉಂಗುರ ಕಳೆದುಕೊಂಡು ಸಭೆಯಲ್ಲಿ ನಿಂತವಳು ಶಕುಂತಲೆ. ಕಣ್ವರ ಆಶ್ರಮದ ಗಿಡಮರಗಳು ಬಂದು ಸಾಕ್ಷಿ ಹೇಳಲಿಲ್ಲ.

ನಾನು ಇದನ್ನು ಉಪದೇಶಕ್ಕಾಗಿ ಹೇಳುತ್ತಿಲ್ಲ. 1987ರಲ್ಲಿ ನನ್ನ ಮದುವೆ ಆದದ್ದೂ ಇಂಥದೇ ಒಂದು ಗುಡ್ಡದ ಮೇಲಿನ ಆಂಜನೇಯನ ಗುಡಿಯಲ್ಲಿ. ಪೂಜಾರಿಯೂ ಸೇರಿ ಹನ್ನೊಂದು ಜನ. ತುಂಬ ಚೆನ್ನಾಗಿತ್ತು. ಗಾಳಿಗೆ ದೀಪ ಮೂರು ಸಲ ಆರಿತು, ನಾವು ಮೂರು ಸಲವೂ ನಕ್ಕೆವು. ಮಂಡಕ್ಕಿ, ಬಾಳೆಹಣ್ಣು, ಬೆಲ್ಲದ ಪಾನಕ, ಅಷ್ಟೇ ಊಟ. ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಆದರೆ ಅಪ್ಪನಿಗೆ ಹೇಳಿರಲಿಲ್ಲ. ಮಧ್ಯಾಹ್ನ ಟೀ ಅಂಗಡಿಯಲ್ಲಿ ಯಾರೋ "ಏನ್ ಮೇಷ್ಟ್ರೇ, ಮಗಳ ಮದುವೆಗೆ ನಮ್ಮನ್ನ ಕರೀಲೇ ಇಲ್ಲ" ಎಂದರಂತೆ. ಅಪ್ಪ ಟೀ ಲೋಟ ಅಲ್ಲೇ ಇಟ್ಟು ಮನೆಗೆ ಬಂದರು. ನನ್ನ ಜೊತೆ ಮೂರು ವರ್ಷ ಮಾತಾಡಲಿಲ್ಲ. ಮದುವೆ ಚಿಕ್ಕದಾಯಿತೆಂದು ಅವರಿಗೆ ಬೇಸರವಿರಲಿಲ್ಲ. ಸುದ್ದಿ ಟೀ ಅಂಗಡಿಯಿಂದ ಬಂತಲ್ಲ, ಅದು. ಮೊಮ್ಮಗ ಹುಟ್ಟಿದ ಮೇಲೆ ಒಂದು ದಿನ ಅವರೇ ಬಾಯಿಬಿಟ್ಟು ಹೇಳಿದರು.

ಇನ್ನೊಂದು ಪೆಟ್ಟು ಇಪ್ಪತ್ತೆರಡು ವರ್ಷದ ಮೇಲೆ ಬಿತ್ತು. 2009ರಲ್ಲಿ ನಮ್ಮ ಯಜಮಾನರ ನಿವೃತ್ತಿ ಹತ್ತಿರ ಬಂದಾಗ ಪಿಂಚಣಿಯ ಕಾಗದಕ್ಕೆ ಹೆಂಡತಿ ಎಂಬುದಕ್ಕೆ ದಾಖಲೆ ಕೇಳಿದರು. ತಾಳಿ ತೋರಿಸಿದರೆ ದಾಖಲೆ ಆಗುತ್ತದೆಯೇ? ಮದುವೆ ಮಾಡಿಸಿದ ಪೂಜಾರಿ ತೀರಿಹೋಗಿದ್ದರು. ಹನ್ನೊಂದು ಜನರಲ್ಲಿ ಇಬ್ಬರು ದೂರದೇಶದಲ್ಲಿದ್ದರು. ತೆಗೆದ ಫೋಟೋ ರೀಲು ಬೆಳಕು ಬಿದ್ದು ಆಗಲೇ ಹಾಳಾಗಿತ್ತು. ಮಕ್ಕಳ ಶಾಲೆಯ ಕಾಗದ, ಪ್ರಮಾಣಪತ್ರ, ಉಳಿದ ಸಾಕ್ಷಿಗಳನ್ನು ಹುಡುಕಿ ತಂದು ಕಡೆಗೂ ನೋಂದಣಿ ಮಾಡಿಸಿದೆವು. ಬೆಳೆದ ಮಗನ ಎದುರಿಗೆ ನಿಂತು, ಇವನ ತಂದೆತಾಯಿಗೆ ಮದುವೆಯಾಗಿದೆ ಎಂದು ರುಜು ಹಾಕಬೇಕಾಯಿತು. ಆ ದಿನ ನನಗೆ ನಗು ಬರಲಿಲ್ಲ.

ಹಾಗಾಗಿ ತಂಗಿಯ ಮಗಳಿಗೆ ನಾನು ಹೇಳಿದ್ದು ಇಷ್ಟೇ: ಗುಡ್ಡ ಇರಲಿ, ಇಪ್ಪತ್ತೇ ಜನ ಇರಲಿ, ಗುಟ್ಟು ಮಾತ್ರ ಬೇಡ.

ಮೊದಲು ಅವಳಿಗೆ ಲೇಪಾಕ್ಷಿಯ ಆಸೆ ಇತ್ತು. ಕೊಡಿಕೊಂಡ ಚೆಕ್‌ಪೋಸ್ಟಿನಿಂದ ಹದಿನೈದು ಹದಿನಾರು ಕಿಲೋಮೀಟರ್. ಕೂರ್ಮಶೈಲವೆಂಬ ಆಮೆಯಾಕಾರದ ಬಂಡೆಗುಡ್ಡದ ಮೇಲೆ, ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ. ಅಲ್ಲಿ ಕನ್ನಡದ ಶಾಸನಗಳಿರುವುದು ನಿಮಗೆ ಗೊತ್ತೇ ಇದೆ. ನಾವಿಬ್ಬರೂ ಒಂದು ಭಾನುವಾರ ಹೋದೆವು. ಹಿಂಭಾಗದಲ್ಲಿ ಚಾವಣಿಯಿಲ್ಲದ ಕಲ್ಯಾಣಮಂಟಪವಿದೆಯಲ್ಲ, ಅವಳ ಕಣ್ಣು ಅದರ ಮೇಲೆ. ಶಿವಪಾರ್ವತಿಯರ ಮದುವೆಗೆಂದು ಮಾಡಿದ ಮಂಟಪ; ಕಂಬಗಳಲ್ಲಿ ದಿಬ್ಬಣಕ್ಕೆ ಬಂದ ದೇವತೆಗಳು, ಋಷಿಗಳು. ಮಂಟಪ ಮಾತ್ರ ಪೂರ್ತಿಯಾಗಲೇ ಇಲ್ಲ. ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಖರ್ಚು ಮಾಡಿದನೆಂದು ರಾಜ ಸಿಟ್ಟಾದ, ಶಿಕ್ಷೆಗೆ ಮುಂಚೆಯೇ ವಿರೂಪಣ್ಣ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದ ಎಂದು ಜನ ಕಥೆ ಹೇಳುತ್ತಾರೆ, ಗೋಡೆಯ ಕೆಂಪು ಕಲೆ ತೋರಿಸುತ್ತಾರೆ. ಕಥೆ ನಿಜವೋ ಸುಳ್ಳೋ, ಅವಳು ಆ ಕಲೆಯ ಮುಂದೆ ನಿಂತು, "ಮದುವೆ ಮಂಟಪದ ಖರ್ಚಿಗೆ ದೇವರ ಕಾಲದಲ್ಲೂ ಹಿಂಗೇ ನೋಡು ದೊಡ್ಡಮ್ಮ" ಎಂದಳು.

ಅಲ್ಲಿ ಮದುವೆ ಆಗುವ ಹಾಗಿಲ್ಲ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. 1959ರ ನಿಯಮಗಳ ಪ್ರಕಾರ ಇಂಥ ಸ್ಮಾರಕದಲ್ಲಿ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರಕೂಟ ನಡೆಸುವಂತಿಲ್ಲ. ಮೊದಲಿನಿಂದ ನಡೆದು ಬಂದ ಪೂಜೆಯ ರೂಢಿಗೆ ಮಾತ್ರ ವಿನಾಯಿತಿ. ನಮ್ಮ ಸೀಮೆಯ ಎಷ್ಟೋ ಬೆಟ್ಟಗಳ ಮೇಲೆ ಹಳೆಯ ಕೋಟೆಗಳಿವೆ, ಎಷ್ಟೋ ಗುಡ್ಡಗಳು ಕಾಯ್ದಿಟ್ಟ ಅರಣ್ಯಕ್ಕೆ ಸೇರಿವೆ. ಅರಣ್ಯದಲ್ಲಿ ಅನುಮತಿಯಿಲ್ಲದೆ ಬೆಂಕಿ ಹಚ್ಚುವುದು ಎರಡೂ ರಾಜ್ಯಗಳಲ್ಲಿ ಅಪರಾಧ, ಅದು ಹೋಮದ ಬೆಂಕಿಯಾದರೂ ಸರಿ. ಗುಡ್ಡ ಯಾರದು ಎಂದು ಮೊದಲು ಕೇಳಿ, ಆಮೇಲೆ ಮುಹೂರ್ತ ಕೇಳಿ. ಕಡೆಗೆ ಅವಳ ಊರ ಹಿಂದಿನ, ಪಂಚಾಯ್ತಿಯವರು ಒಪ್ಪಿದ ಚಿಕ್ಕ ಗುಡ್ಡವೇ ಗೊತ್ತಾಯಿತು.

ಈಗ ಕಾನೂನಿನ ಮಾತು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಇಲ್ಲದಿದ್ದರೆ ಗುಡ್ಡವೂ ಬೇಡ, ಛತ್ರವೂ ಬೇಡ, ಆ ಮಾತೇ ಬೇಡ. ವಯಸ್ಸು ತುಂಬಿದವರು ತಮಗೆ ಒಪ್ಪಿದವರನ್ನು ಮದುವೆಯಾಗುವುದನ್ನು ಯಾರೂ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೂ 2018ರಲ್ಲೂ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಹೇಳಿದರೆ ಜೀವಕ್ಕೇ ಅಪಾಯ ಎನ್ನುವವರಿಗೆ ನಾನು ಅಪ್ಪನಿಗೆ ಹೇಳು ಎನ್ನುವುದಿಲ್ಲ. ಅವರು 112ಕ್ಕೋ, ಹೆಣ್ಣುಮಕ್ಕಳಾದರೆ 181ಕ್ಕೋ ಫೋನ್ ಮಾಡಿ ಮೊದಲು ರಕ್ಷಣೆ ಪಡೆಯಲಿ.

1955ರ ಹಿಂದೂ ವಿವಾಹ ಕಾಯಿದೆಗೆ ಛತ್ರವೂ ಬೇಡ, ಸಾವಿರ ಎಲೆಯ ಊಟವೂ ಬೇಡ. ಎರಡು ಮನೆಗಳಲ್ಲಿ ಯಾವುದಾದರೂ ಒಂದು ಮನೆಯ ರೂಢಿಯ ಶಾಸ್ತ್ರ ನಡೆದರೆ ಸಾಕು. ಸಪ್ತಪದಿಯ ರೂಢಿಯಿದ್ದಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ತಿ. ಆದರೆ ಶಾಸ್ತ್ರವನ್ನೇ ಬಿಟ್ಟು ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಮದುವೆಯಾಗದು ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಶಾಸ್ತ್ರ ಬೇಡ ಎನ್ನುವವರಿಗೆ, ಬೇರೆ ಬೇರೆ ಧರ್ಮದವರಿಗೆ, 1954ರ ವಿಶೇಷ ವಿವಾಹ ಕಾಯಿದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಮೂವತ್ತು ದಿನ ವಾಸವಿದ್ದ ಜಿಲ್ಲೆಯಲ್ಲಿ ನೋಟಿಸು ಕೊಡಬೇಕು, ಮತ್ತೆ ಮೂವತ್ತು ದಿನ ಕಾಯಬೇಕು, ಮೂವರು ಸಾಕ್ಷಿಗಳಿರಬೇಕು. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ: ಹೆಚ್ಚಿನ ಶುಲ್ಕ ಕಟ್ಟಿದರೆ, ಕಚೇರಿಯಿಂದ ಹೆಚ್ಚು ದೂರವಿಲ್ಲದ ಬೇರೆ ಜಾಗದಲ್ಲೂ ಅಧಿಕಾರಿಯ ಎದುರು ಈ ಮದುವೆ ನಡೆಯಬಹುದು. ಗುಡ್ಡದ ಬುಡ ದೂರವೋ ಹತ್ತಿರವೋ, ಅದನ್ನು ಅವರೇ ಹೇಳಬೇಕು. ನಿಮ್ಮ ಅಧಿಕಾರಿಗೆ ಮಂಡಿನೋವಿಲ್ಲದಿರಲಿ.

ನೋಂದಣಿಗೆ ಆಂಧ್ರದಲ್ಲಿ 2002ರ ಕಾಯಿದೆ, ಕರ್ನಾಟಕದಲ್ಲಿ 1976ರ ಕಾಯಿದೆ ಇದೆ. ಗಡಿಯವರಾದ ನಾವು ಎಚ್ಚರವಾಗಿರಬೇಕಾದ್ದು ಇಲ್ಲಿ. ಹುಡುಗಿಯ ಆಧಾರ್ ಕನ್ನಡದಲ್ಲಿ, ಹುಡುಗನದು ತೆಲುಗಿನಲ್ಲಿ. ಅವನ ಹೆಸರಿನ ಮುಂದೆ ಮನೆತನದ ಹೆಸರು, ಇವಳ ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದಕ್ಷರ. ಇಂಗ್ಲಿಷಿಗೆ ಬಂದಾಗ ಒಂದೇ ಹೆಸರು ಮೂರು ತರಹ ಆಗಿರುತ್ತದೆ. ತಾಳಿ ಕಟ್ಟುವ ಮುಂಚೆ ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಗುಡ್ಡ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯ ಎಲ್ಲೆಗೆ ಬರುತ್ತದೆಂದು ಕೇಳಿಕೊಳ್ಳಿ. ನಮ್ಮ ಕಡೆ ಗುಡ್ಡದ ಒಂದು ಮಗ್ಗುಲು ಒಂದು ರಾಜ್ಯವಾದರೆ ಇನ್ನೊಂದು ಮಗ್ಗುಲು ಇನ್ನೊಂದು ರಾಜ್ಯವಾಗಿರುವುದುಂಟು. ಸಾಕ್ಷಿಗಳಲ್ಲಿ ಒಬ್ಬರಾದರೂ ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಿರಲಿ. ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಇನ್ನು ಗುಡ್ಡದ ಮಾತು. ನಮ್ಮದು ಮಳೆ ಕಡಿಮೆಯ ಸೀಮೆ, ಮೇಲೆ ನೀರು ಸಿಗುತ್ತದೆಂದು ನಂಬಬೇಡಿ. ತಲೆಗೆ ಮೂರು ಲೀಟರಿನಂತೆ ಲೆಕ್ಕ ಹಾಕಿ ಹಿಂದಿನ ಸಂಜೆಯೇ ಹೊತ್ತಿಡಿ. ಧನುರ್ಮಾಸ ಕಳೆದು ಮಾಘ ಬಂದರೆ ಮುಹೂರ್ತವೂ ಸಿಗುತ್ತದೆ, ಬಿಸಿಲೂ ತಡೆಯುವಂತಿರುತ್ತದೆ. ಆದರೆ ಆಗ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಹೋಮಕುಂಡ ಬೋಳು ಬಂಡೆಯ ಮೇಲಿರಲಿ, ಪಕ್ಕದಲ್ಲಿ ಎರಡು ಕೊಡ ನೀರು, ಹಸಿ ಹೊಂಗೆ ಸೊಪ್ಪಿನ ಕೊಂಬೆಗಳಿರಲಿ. ಅದಕ್ಕಿಂತ ಮುಖ್ಯವಾದದ್ದು ಹೆಜ್ಜೇನು. ದೊಡ್ಡ ಬಂಡೆಗಳ ಕೆಳಗೆ, ಚಾಚಿದ ಕಲ್ಲಿನ ಮರೆಯಲ್ಲಿ ತಟ್ಟೆಯಂಥ ಹುಟ್ಟು ನೇತಾಡುತ್ತಿರುತ್ತದೆ. ಹೋಮದ ಹೊಗೆ ಅತ್ತ ಹೋದರೆ, ಪಟಾಕಿ ಸಿಡಿದರೆ, ಮದುವೆ ಮುಗಿದಂತೆಯೇ. ಒಂದು ವಾರ ಮುಂಚೆ ಗೊತ್ತಿರುವ ಕುರಿಗಾಹಿಯೊಬ್ಬರನ್ನು ಕರೆದುಕೊಂಡು ಹೋಗಿ ಸುತ್ತ ನೋಡಿಸಿ, ಗಾಳಿ ಎತ್ತ ಬೀಸುತ್ತದೆಂದು ಕೇಳಿ. ಜಾಗ ಆರಿಸಬೇಕಾದವರು ಅವರು, ಫೋಟೋ ತೆಗೆಯುವ ಹುಡುಗನಲ್ಲ. ಕಲ್ಯಾಣದುರ್ಗದ ಕಡೆಯವರಿಗೆ ಕರಡಿಯ ವಿಷಯ ನಾನು ಹೇಳಬೇಕಾಗಿಲ್ಲ. ಕತ್ತಲಲ್ಲಿ ಹತ್ತಬೇಡಿ, ಚೆನ್ನಾಗಿ ಬೆಳಕು ಹರಿದ ಮೇಲೆ, ಗಟ್ಟಿಯಾಗಿ ಮಾತಾಡಿಕೊಂಡು ಹತ್ತಿ. ತುದಿಗೇ ಹೋಗಬೇಕೆಂದೂ ಇಲ್ಲ. ಅಜ್ಜಿಯ ಕಾಲು ಎಲ್ಲಿಯವರೆಗೆ ಬರುತ್ತದೋ ಅದೇ ಮಂಟಪ. ದೀಪಕ್ಕೆ ಗಾಜಿನ ಬುರುಡೆಯ ಲಾಟೀನು ತನ್ನಿ. ಎಲೆ, ಲೋಟ, ಹೂವಿನ ಕಸ ಎಲ್ಲವೂ ಹೊತ್ತು ತಂದ ಚೀಲದಲ್ಲೇ ಕೆಳಗಿಳಿಯಲಿ.

ಹೀಗೆ ಸರಳವಾಗಿ ಮಾಡಿದರೆ ಜನ ಏನಂದಾರು ಎಂಬ ಅಳುಕು ಇರುತ್ತದೆ. ಕುವೆಂಪು ಅವರು ಮಂತ್ರಮಾಂಗಲ್ಯ ಎಂಬ ಸರಳ ವಿವಾಹದ ಕ್ರಮವನ್ನು ಕೊಟ್ಟು, 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಹತ್ತಿರದವರಷ್ಟೇ. ಅಲ್ಲಿ ಗುಟ್ಟೂ ಇರಲಿಲ್ಲ ಎಂಬುದನ್ನು ನಾನು ತಂಗಿಯ ಮಗಳಿಗೆ ಒತ್ತಿ ಹೇಳಿದೆ. ಆ ಮದುವೆಗೆ ಮಾತೇ ಮುಖ್ಯ. ಹೆಣ್ಣು ಗಂಡು ತಮಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿ ನುಡಿಯುತ್ತಾರೆ. ನಮ್ಮಲ್ಲಾದರೆ ಒಬ್ಬಳು ಕನ್ನಡದಲ್ಲಿ, ಒಬ್ಬನು ತೆಲುಗಿನಲ್ಲಿ ನುಡಿಯಲಿ. ಕೇಳುವವರಿಗೆಲ್ಲ ಎರಡೂ ಅರ್ಥವಾಗುತ್ತದೆ.

ಹೋದ ಭಾನುವಾರ ಅವಳು ಊರಿಗೆ ಬಂದು ಅಪ್ಪನ ಮುಂದೆ ಕೂತಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಛತ್ರ ಬೇಡ, ಹೊಲ ಅಡ ಇಡಬೇಡಿ, ಗುಡ್ಡದ ಮೇಲೆ ಇಪ್ಪತ್ತು ಜನ, ನೀವೇ ಧಾರೆ ಎರೆಯಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಊರೋರ್ಗೆ ಒಂದ್ ಊಟ ಹಾಕ್ದಿದ್ರೆ ನಾಳೆ ನಾನ್ ಹೆಂಗ್ ತಲೆ ಎತ್ಕೊಂಡ್ ಓಡಾಡ್ಲಿ?" ಎಂದು ಕೇಳಿದರು. ಅದಕ್ಕೆ ನಮ್ಮಿಬ್ಬರಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವರು ಎದ್ದು ಹೊರಗೆ ಹೋದರು. ಒಪ್ಪಿದೆ ಎಂದು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಆದರೆ ನಿನ್ನೆ ತಂಗಿ ಫೋನ್ ಮಾಡಿದ್ದಳು. ಎರಡು ದಿನದಿಂದ ಬೆಳಿಗ್ಗೆ ಎದ್ದು ಮಚ್ಚು ತಗೊಂಡು ಹೋಗಿ ಗುಡ್ಡದ ದಾರಿಯ ಜಾಲಿಮುಳ್ಳು ಸವರುತ್ತಿದ್ದಾರಂತೆ. ಅಜ್ಜಿ ಕೂರುವ ಬಂಡೆಯವರೆಗೆ ದಾರಿ ಆಗಿದೆಯಂತೆ.