ಕೈಗುಣ ಎಂಬ ಸುಳ್ಳು

(ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೂಸು ನೋಡಿಕೊಳ್ಳುವ ಹೆಂಗಸರ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಭೆಗಳಲ್ಲಿ ಯಾವಾಗಲೂ ಭೂಮಿಯ ಮಾತು, ಕೂಲಿಯ ಮಾತು, ಹೆಣ ಹೂಳುವ ಜಾಗದ ಮಾತು. ಇವತ್ತು ಹಾಲು ಕುಡಿಯುವ ಕೂಸಿನ ಮಾತು. ಇದು ಹೆಂಗಸರ ವಿಷಯ, ನಮಗೆಂತಕ್ಕೆ ಅಂತ ಹೊರಗೆ ಬೀಡಿ ಸೇದುತ್ತಾ ನಿಂತಿರುವ ಅಣ್ಣತಮ್ಮಂದಿರು ಒಳಗೆ ಬಂದು ಕೂರಬೇಕು. ಬೀಡಿಗೂ ಈ ಮಾತಿಗೂ ಸಂಬಂಧ ಇದೆ, ಮುಂದೆ ಹೇಳ್ತೀವಿ.

ಸಂಜೆ ಹಾಲು ಕುಡಿದು, ಕಾಲು ಬಡಿದು ಆಡಿ ಮಲಗಿದ ಕೂಸು ಬೆಳಿಗ್ಗೆ ಏಳುವುದಿಲ್ಲ. ಜ್ವರ ಇರಲಿಲ್ಲ, ಭೇದಿ ಇರಲಿಲ್ಲ, ಎಲ್ಲಿಂದಲೂ ಬಿದ್ದಿರಲಿಲ್ಲ. ಇಂಥ ಸಾವು ಕೇರಿಯಲ್ಲೂ ಆಗ್ತದೆ, ತೋಟದ ಮನೆಯಲ್ಲೂ ಆಗ್ತದೆ, ಅಮೆರಿಕ ಇಂಗ್ಲೆಂಡುಗಳಲ್ಲೂ ಆಗ್ತದೆ. ಎಲ್ಲಾ ಕಡೆ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ಆಗ ಕೂಸು ಯಾರ ಕೈಲಿತ್ತು?

ಯಾರ ಕೈಲಿರ್ತದೆ ಅಂತ ನಮಗೆ ಗೊತ್ತು. ಅವ್ವ ಅಡಿಕೆ ಸುಲಿಯಲು ಹೋದರೆ ಅಜ್ಜಿಯ ಕೈಲಿ, ಅಜ್ಜಿಯೂ ಸೊಪ್ಪಿಗೆ ಹೋದರೆ ಹತ್ತು ವರ್ಷದ ಅಕ್ಕನ ಕೈಲಿ. ಹಿಂದೆ ಒಡೆಯರ ಮನೆಗೆ ಕೂಸು ಆಡಿಸೋಕೆ ಅಂತ ನಮ್ಮ ಹುಡುಗಿಯರನ್ನು ಬಿಡುತ್ತಿದ್ದರು, ಅದನ್ನು ಮೈಮೇಲೆ ಅನುಭವಿಸಿದ ಹಿರಿಯರು ಈ ಸಭೆಯಲ್ಲೇ ಕೂತಿದ್ದಾರೆ. ಈಗ ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಹಾಕುವವರು, ಅಂಗನವಾಡಿ ಸಹಾಯಕಿಯರು, ಮನೆ ಮನೆ ತಿರುಗುವ ಆಶಾ ಅಕ್ಕಂದಿರು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿತು. ಅಲ್ಲಿ ನೋಡಿಕೊಳ್ಳಲು ತರಬೇತಿ ಕೊಟ್ಟು ಹಾಕಿದ್ದೂ ಕೂಲಿ ಹೆಂಗಸರನ್ನೇ. ಒಟ್ಟಿನಲ್ಲಿ ಅತಿ ಕಡಿಮೆ ದುಡ್ಡಿಗೆ, ಇಲ್ಲಾ ದುಡ್ಡೇ ಇಲ್ಲದೆ, ಊರಿನ ಅತಿ ಎಳೆಯ ಜೀವಗಳನ್ನು ಕಾಯುವವರು ಇವರು.

ಇವರ ಕೈಲಿ ಕೂಸು ಹೋಯಿತು ಅನ್ನಿ. ಆಗ ಏಳುವ ಮೊದಲ ಮಾತೇ ‘ಕೈಗುಣ’. ಅವಳ ಕೈಗುಣ ಸರಿ ಇಲ್ಲ, ಅವಳು ಮುಟ್ಟಿದ್ದು ಏಳಿಗೆಯಾಗೋದಿಲ್ಲ. ಆಮೇಲೆ ಬಾಲಗ್ರಹ, ದೃಷ್ಟಿ, ಗಾಳಿ ಸೋಕು. ನೋಡಿಕೊಂಡವಳು ವಿಧವೆಯಾಗಿದ್ದರೆ ಒಂದು ಮಾತು ಹೆಚ್ಚು, ನಮ್ಮ ಕೇರಿಯವಳಾದರೆ ಎರಡು ಮಾತು ಹೆಚ್ಚು. ಹೆರಿಗೆಯ ಹೊತ್ತಿಗೆ ಬೇಕಾದ ಸೂಲಗಿತ್ತಿಯ ಕೈ, ಕೂಸು ಅತ್ತ ಮೇಲೆ ಮೈಲಿಗೆಯ ಕೈ ಆಗ್ತದಲ್ಲ, ಅದೇ ಲೆಕ್ಕ ಇಲ್ಲೂ ನಡೀತದೆ. ಕೂಸು ಬದುಕಿದರೆ ದೇವರ ದಯೆ, ಸತ್ತರೆ ಇವಳ ಕೈ!

ವೈದ್ಯರು ಏನು ಹೇಳ್ತಾರೆ ನೋಡೋಣ. ಒಂದು ವರ್ಷದೊಳಗಿನ ಕೂಸು ಹೀಗೆ ಕಾರಣ ಕಾಣದೆ ನಿದ್ದೆಯಲ್ಲಿ ತೀರಿಹೋದರೆ ಅದಕ್ಕೆ ಒಂದು ಹೆಸರು, ಒಂದು ವ್ಯಾಖ್ಯೆ ಇರಲಿ ಅಂತ 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ತೀರ್ಮಾನ ಮಾಡಿದರು. ಇಂಗ್ಲಿಷಿನ ಚಿಕ್ಕ ಹೆಸರು ಸಿಡ್ಸ್. ಹೆಣ ಪರೀಕ್ಷೆ ಮಾಡಿ, ಮಲಗಿದ್ದ ಜಾಗ ನೋಡಿ, ಹಿಂದಿನದೆಲ್ಲ ವಿಚಾರಿಸಿ, ಏನೂ ಸಿಗದಿದ್ದಾಗ ಮಾತ್ರ ಕೊಡುವ ಹೆಸರು ಇದು. ಎರಡರಿಂದ ನಾಲ್ಕು ತಿಂಗಳ ನಡುವೆ ಹೆಚ್ಚು, ಆರು ತಿಂಗಳು ದಾಟಿದ ಮೇಲೆ ಬಹಳ ಕಡಿಮೆ. ಪೂರ್ತಿ ಕಾರಣ ಇವತ್ತಿಗೂ ಯಾವ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ಅಪಾಯ ಹೆಚ್ಚಿಸುವ ಕೆಲವು ಸಂಗತಿ ಮಾತ್ರ ಗೊತ್ತಾಗಿವೆ. ಎಲ್ಲಕ್ಕಿಂತ ದೊಡ್ಡದು ಬೋರಲು ಮಲಗಿಸುವುದು.

ಇದರ ಹಿಂದೆ ಒಂದು ಕತೆ ಇದೆ. ಬೆಂಜಮಿನ್ ಸ್ಪಾಕ್ ಅಂತ ಅಮೆರಿಕದ ಡಾಕ್ಟರು, ಮಕ್ಕಳನ್ನು ಸಾಕುವ ಬಗ್ಗೆ ಅವರು ಬರೆದ ಪುಸ್ತಕ ಲೋಕವೆಲ್ಲ ಓದಿತು. 1950ರ ದಶಕದ ಕೊನೆಯಿಂದ ಆ ಪುಸ್ತಕ ಕೂಸನ್ನು ಬೋರಲು ಮಲಗಿಸಿ ಅಂತ ಹೇಳಿತು. ಓದುಬರಹ ಬಲ್ಲ ತಾಯಂದಿರು ಹಾಗೇ ಮಾಡಿದರು. ಬೋರಲು ಮಲಗಿಸುವುದು ಅಪಾಯ ಅಂತ 1970ರ ಹೊತ್ತಿಗೇ ಗೊತ್ತಾಗಬಹುದಿತ್ತು, ಎಚ್ಚರಿಸಿದ್ದರೆ ಇಂಗ್ಲೆಂಡ್ ಕಡೆಯಲ್ಲೇ 10,000ಕ್ಕೂ ಹೆಚ್ಚು ಕೂಸು ಉಳಿಯುತ್ತಿದ್ದವು ಅಂತ 2005ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಲೆಕ್ಕ ಹಾಕಿತು. 1991ರ ಕೊನೆಗೆ ಅಲ್ಲಿ ‘ಅಂಗಾತ ಮಲಗಿಸಿ’ ಅಂತ ಪ್ರಚಾರ ಶುರುವಾಯಿತು. ಕೆಲವೇ ವರ್ಷದಲ್ಲಿ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ನಮ್ಮ ಅಜ್ಜಿಯರು ಯಾವ ಪುಸ್ತಕವೂ ಓದದೆ ಕೂಸನ್ನು ಅಂಗಾತವೇ ಮಲಗಿಸಿಕೊಂಡು ಬಂದವರು. ಇಷ್ಟಾಗಿಯೂ ತಪ್ಪು ಬರೆದ ಪುಸ್ತಕಕ್ಕೆ ಯಾರೂ ಕೈಗುಣ ಸರಿ ಇಲ್ಲ ಅನ್ನಲಿಲ್ಲ.

ಅಲ್ಲಿಯ ತಾಯಂದಿರಿಗೂ ಸುಖ ಇರಲಿಲ್ಲ ಬಿಡಿ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಸ್ವತಃ ವಕೀಲೆ. ಎಳೆಗೂಸುಗಳು ಎರಡು ಒಂದಾದ ಮೇಲೊಂದು ತೀರಿದವು. ಒಂದೇ ಮನೆಯಲ್ಲಿ ಹೀಗೆ ಎರಡು ಸಾವು ತಾನಾಗಿ ಆಗುವ ಸಂಭವ ಏಳು ಕೋಟಿ ಮೂವತ್ತು ಲಕ್ಷಕ್ಕೆ ಒಂದು ಅಂತ ಒಬ್ಬ ದೊಡ್ಡ ಡಾಕ್ಟರು ಕೋರ್ಟಿನಲ್ಲಿ ಲೆಕ್ಕ ಹೇಳಿದರು. 1999ರಲ್ಲಿ ಆಕೆಯನ್ನು ಕೊಲೆಗಾತಿ ಅಂದರು. ಲೆಕ್ಕವೇ ತಪ್ಪು ಅಂತ ಆಮೇಲೆ ಗೊತ್ತಾಯಿತು. 2003ರಲ್ಲಿ ಬಿಟ್ಟರು, 2007ರಲ್ಲಿ ಆಕೆ ಸತ್ತರು. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ತಮ್ಮ ನಾಲ್ಕು ಮಕ್ಕಳ ಸಾವಿಗೆ 20 ವರ್ಷ ಜೈಲಿನಲ್ಲಿದ್ದರು. ಹೆಣ್ಣುಮಕ್ಕಳಿಬ್ಬರಲ್ಲಿ ಹೃದಯದ ಬಡಿತ ಕೆಡಿಸುವಂಥ ವಂಶವಾಹಿ ದೋಷ ಇತ್ತು ಅಂತ ವಿಜ್ಞಾನಿಗಳು ತೋರಿಸಿದ ಮೇಲೆ 2023ರಲ್ಲಿ ಬಿಡುಗಡೆಯಾಯಿತು. ಬಿಳಿಯ ಬಣ್ಣ, ಓದು, ವಕೀಲಿಕೆ ಇದ್ದವರಿಗೇ ಈ ಗತಿ. ಒಂದು ಗುಂಟೆ ಇಲ್ಲದ ಸಹಾಯಕಿಗೆ?

ಕಾರಣ ಗೊತ್ತಿಲ್ಲದ ಕಡೆ ತಪ್ಪು ಯಾರ ತಲೆಗೆ ಬರ್ತದೆ ಅಂತ ತಿಳಿಯೋಕೆ ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಸಾಗರದ ಪಕ್ಕದ ಹಂದಿಗೋಡು ಸಾಕು. 1974-75ರ ಹೊತ್ತಿಗೆ ಅಲ್ಲಿಯ ದಲಿತರ ಮನೆಗಳಲ್ಲಿ ಸೊಂಟ ಮಂಡಿ ಹಿಡಿದು ನಡೆಯಲಾರದೆ ಹೋದವರ ಸುದ್ದಿ ಹೊರಗೆ ಬಂತು. ಔಷಧ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಬಂತು ಎಂಬ ಮಾತು ಹಬ್ಬಿತು. ಏಡಿ ತಿನ್ನುವವರು ಯಾರು? ಬೇರೆ ಏನೂ ಸಿಗದವರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ಇದು ವಂಶವಾಹಿಯಲ್ಲಿ ಬರುವ ಎಲುಬು ಕೀಲಿನ ರೋಗ ಅಂತ ಗೊತ್ತಾಯಿತು. ಅಷ್ಟರಲ್ಲಿ ಊರಿನ ಹೆಸರೇ ರೋಗದ ಹೆಸರಾಗಿ ಹೋಗಿತ್ತು.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಜೂನ್ ಜುಲೈ ಅಂದರೆ ಬಟ್ಟೆ ಒಣಗೋದಿಲ್ಲ, ನೆಲ ಒಣಗೋದಿಲ್ಲ. ಕೂಸಿಗೆ ಥಂಡಿ ಆದೀತು ಅಂತ ಕಂಬಳಿ ಮೇಲೆ ಕಂಬಳಿ ಹೊದೆಸ್ತೀವಿ, ಕಿವಿ ಹಣೆ ಮುಚ್ಚಿ ಬಟ್ಟೆ ಕಟ್ತೀವಿ, ಒಲೆಯ ಮಗ್ಗುಲಲ್ಲಿ ಮಲಗಿಸ್ತೀವಿ, ಸಾಂಬ್ರಾಣಿ ಹೊಗೆ ಹಾಕ್ತೀವಿ. ಇದೆಲ್ಲ ಪ್ರೀತಿಯಿಂದ ಮಾಡುವುದೇ. ಆದರೂ ಕೆಲವನ್ನು ಬಿಡಬೇಕು. ಅಂಗಾತ ಮಲಗಿಸಿ, ತಾನೇ ಮಗುಚಿಕೊಳ್ಳುವಷ್ಟು ದೊಡ್ಡದಾದ ಕೂಸು ನಿದ್ದೆಯಲ್ಲಿ ಮಗುಚಿದರೆ ರಾತ್ರಿಯೆಲ್ಲ ಎದ್ದು ತಿರುಗಿಸಬೇಕಾಗಿಲ್ಲ. ಮುಖದ ಮೇಲೆ ಯಾವ ಬಟ್ಟೆಯೂ ಬರಬಾರದು. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು ಬೇಡ. ಬೆವರುವಷ್ಟು ಹೊದೆಸಬೇಡಿ. ಮೊಲೆಹಾಲು ಬಿಡಿಸಬೇಡಿ, ಅದೂ ಒಂದು ಕಾವಲು. ಬಸುರಿಯ ಹತ್ತಿರ, ಕೂಸಿನ ಹತ್ತಿರ ಬೀಡಿ ಸಿಗರೇಟು ಸೇದಬೇಡಿ. ಬಾಗಿಲ ಹತ್ತಿರ ಇನ್ನೂ ನಿಂತಿದ್ದೀರಲ್ಲ, ನಿಮಗೇ ಹೇಳ್ತಿರೋದು. ಕುಡಿದು ಬಂದವರು ಕೂಸಿನ ಹಾಸಿಗೆಗೆ ಬರಲೇಬಾರದು. ಸಾರಾಯಿ 2007ರಲ್ಲಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಸೀರೆ ಜೋಲಿ ಬಗ್ಗೆ ಕೇಳ್ತೀರಿ. ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಬಾಗ್ತದೆ, ಬಟ್ಟೆ ಮುಖಕ್ಕೆ ಬರ್ತದೆ. ಗಟ್ಟಿ, ಸಮ ನೆಲದ ಹಾಸಿಗೆಯೇ ಒಳ್ಳೆಯದು ಅಂತ ಡಾಕ್ಟರು ಹೇಳ್ತಾರೆ. ಸರಿಯೇ. ಆದರೆ ಗದ್ದೆ ಅಂಚಿನಲ್ಲಿ ನೆಲಕ್ಕೆ ಮಲಗಿಸಿದರೆ ಇರುವೆ, ಇಂಬಳ, ಹಾವು. ಮರಕ್ಕೆ ಜೋಲಿ ಕಟ್ಟುವ ತಾಯಿಗೆ ಬುದ್ಧಿ ಹೇಳುವ ಮೊದಲು ಗದ್ದೆ ಹತ್ತಿರ ಒಂದು ಒಣ ಜಾಗ, ಒಬ್ಬ ನೋಡುವವಳು, ಅವಳಿಗೆ ಕೂಲಿ, ಇಷ್ಟು ಕೊಡಿ ಅಂತ ನಾವು ಪಂಚಾಯತಿಗೆ ಕೇಳಬೇಕು. ಅಲ್ಲಿಯವರೆಗೆ ಜೋಲಿಯ ಹತ್ತಿರ ಯಾರಾದರೂ ಇರಲಿ.

ಇನ್ನೊಂದು ವಿಷಯ. ಹೊಸ ಕೈಗೆ ಕೂಸು ಬಂದಾಗ ಎಚ್ಚರ ಹೆಚ್ಚು ಬೇಕು. ಅಮೆರಿಕದಲ್ಲಿ ಇಂಥ ಸಾವುಗಳಲ್ಲಿ ಐದರಲ್ಲಿ ಒಂದು, ತಂದೆತಾಯಿ ಬಿಟ್ಟು ಬೇರೆಯವರು ನೋಡಿಕೊಳ್ಳುವಾಗ ಆಗಿತ್ತು ಅಂತ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಅಂಗಾತ ಮಲಗಿ ರೂಢಿಯಾದ ಕೂಸನ್ನು ಬೋರಲು ಮಲಗಿಸಿದರೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಕೂಸನ್ನು ಕೈಗೆ ತೆಗೆದುಕೊಳ್ಳುವಾಗಲೇ ಅವ್ವನನ್ನು ಕೇಳಿ, ‘ಹೆಂಗೆ ಮಲಗ್ತದೆ, ಯಾವಾಗ ಹಾಲು ಕುಡೀತು’ ಅಂತ.

ಒಂದು ಎಚ್ಚರಿಕೆ ಆಫೀಸಿನವರಿಗೆ. ಕೇರಿಯ ಕೂಸು ಸತ್ತಾಗಲೆಲ್ಲ ‘ಇದ್ದಕ್ಕಿದ್ದಂತೆ’ ಅಂತ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. 2020ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸಿಗೆ 19 ಒಂದು ವರ್ಷ ತುಂಬುವ ಮೊದಲೇ ತೀರಿದವು. ದಿನ ತುಂಬದೆ ಹುಟ್ಟಿದ್ದು, ತೂಕ ಕಡಿಮೆ, ಎದೆಗೂಡಿನ ಸೋಂಕು, ಹೀಗೆ ಕಾರಣ ಇದ್ದ ಸಾವುಗಳೇ ಹೆಚ್ಚು. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ಕೂಸು ಹಾಲು ಚೀಪದಿದ್ದರೆ, ಉಸಿರು ಜೋರಾಗಿ ಪಕ್ಕೆ ಒಳಗೆ ಎಳೆದರೆ, ಮೈ ತಣ್ಣಗಾದರೆ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನು ಮಾಡಿ.

ಆಶಾ ಅಕ್ಕಂದಿರ ಕಷ್ಟವೂ ಹೇಳಬೇಕು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಚುಚ್ಚುಮದ್ದು. ಇಂಥ ಸಾವು ಹೆಚ್ಚಾಗಿ ಆಗುವುದೂ ಅದೇ ತಿಂಗಳುಗಳಲ್ಲಿ. ಮದ್ದು ಹಾಕಿಸಿದ ವಾರದಲ್ಲಿ ಕೂಸು ಹೋದರೆ ಜನ ಆಶಾ ಮನೆ ಮುಂದೆ ನಿಲ್ತಾರೆ. ಚುಚ್ಚುಮದ್ದಿನಿಂದ ಇಂಥ ಸಾವು ಹೆಚ್ಚೋದಿಲ್ಲ ಅಂತ ಬೇಕಾದಷ್ಟು ಅಧ್ಯಯನಗಳು ಹೇಳಿವೆ. ಈ ಮಾತನ್ನು ಸಾವಿನ ಮನೆಯಲ್ಲಿ ಅವಳೊಬ್ಬಳೇ ನಿಂತು ಹೇಳೋಕೆ ಆಗೋದಿಲ್ಲ. ಕೂಸು ಹುಟ್ಟುವ ಮೊದಲೇ ಕೇರಿಗೆಲ್ಲ ನಾವು ಹೇಳಿಟ್ಟಿರಬೇಕು.

ಈಗ ಭಯದ ಮಾತು. ಹೊಸನಗರ ಕಡೆಯ ಒಬ್ಬ ತಂಗಿ ನಮ್ಮ ಹತ್ತಿರ ಬಂದಿದ್ದಳು. ಹೆಸರು ಹೇಳೋದಿಲ್ಲ. ಅವಳು ನೋಡಿಕೊಳ್ಳುತ್ತಿದ್ದ ನಾದಿನಿಯ ಕೂಸು ಮಧ್ಯಾಹ್ನದ ನಿದ್ದೆಯಲ್ಲಿ ಹೋಗಿತ್ತು. ಅಂಗಾತವೇ ಮಲಗಿಸಿದ್ದಳು, ಹೊಗೆ ಇರಲಿಲ್ಲ, ಹೊದಿಕೆ ಮುಖಕ್ಕೆ ಬಂದಿರಲಿಲ್ಲ. ವರ್ಷವಾದರೂ ಯಾರ ಮನೆಯ ಕೂಸು ಮಲಗಿದ್ದು ಕಂಡರೂ ಮೂಗಿನ ಹತ್ತಿರ ಬೆರಳು ಹಿಡೀತಾಳೆ. ನಿದ್ದೆ ಮಾಡುವ ಸ್ವಂತ ಮಗನನ್ನು ರಾತ್ರಿ ನಾಲ್ಕು ಸಲ ಎಬ್ಬಿಸ್ತಾಳೆ. ‘ನಾನು ಒಲೆಗೆ ಸೌದೆ ಇಡೋಕೆ ಹೋಗದೆ ಇದ್ದಿದ್ದರೆ...’ ಇದೊಂದೇ ಮಾತು. ನಾವು ಅವಳಿಗೆ ಹೇಳಿದ್ದು ಇಷ್ಟು: ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡಿದ್ದರೂ ಇಂಥದ್ದು ಆಗುವುದುಂಟು, ಸದ್ದಿಲ್ಲದೆ ಆಗ್ತದೆ. ಎಲ್ಲಾ ಎಚ್ಚರಿಕೆ ತೆಗೆದುಕೊಂಡ ಮನೆಯಲ್ಲೂ ಆಗ್ತದೆ. ಎಚ್ಚರಿಕೆ ಅಪಾಯವನ್ನು ಕಡಿಮೆ ಮಾಡ್ತದೆ, ಇಲ್ಲವಾಗಿಸೋದಿಲ್ಲ. ಮೇಲೆ ಹೇಳಿದ ಬುದ್ಧಿಮಾತುಗಳನ್ನೇ ನಾಳೆ ಯಾರಾದರೂ ‘ನೀನು ಹಾಗೆ ಮಾಡಲಿಲ್ಲ, ಅದಕ್ಕೇ ಸತ್ತಿತು’ ಅಂತ ಇನ್ನೊಬ್ಬ ಹೆಂಗಸಿನ ಮೇಲೆ ಕೋಲಿನಂತೆ ಬೀಸಿದರೆ ನಾವು ಒಪ್ಪೋದಿಲ್ಲ.

ಎಳೆಗೂಸಿನ ಸಾವನ್ನು ನಮ್ಮಲ್ಲಿ ಲೆಕ್ಕಕ್ಕೇ ಹಿಡಿಯೋದಿಲ್ಲ. ಗಂಡಸರು ಗುದ್ದಲಿ ಹಿಡಿದು ಹೋಗಿ ಮಣ್ಣು ಮಾಡಿ ಬರ್ತಾರೆ. ‘ಇನ್ನೊಂದು ಹುಟ್ತದೆ ಬಿಡು’ ಅಂತಾರೆ. ಅವ್ವನ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿರ್ತದೆ. ಇನ್ನು ನೋಡಿಕೊಂಡವಳು ಅತ್ತರೆ ‘ಇವಳಿಗೆಂತಕ್ಕೆ ಅಳು, ಹೆತ್ತವಳಾ’ ಅಂತ ಕೇಳ್ತಾರೆ. ಹೆತ್ತಿಲ್ಲ ನಿಜ. ಮಲ ಮೂತ್ರ ತೊಳೆದವಳು, ಮೊದಲ ನಗು ಕಂಡವಳು ಅವಳು. ಬಾಬಾಸಾಹೇಬರು ಮತ್ತು ರಮಾಬಾಯಿಯವರ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. 1926ರಲ್ಲಿ ಕೊನೆಯ ಮಗ ರಾಜರತ್ನ ಹೋದಾಗ ಬಾಬಾಸಾಹೇಬರು ಆ ನೋವನ್ನು ಗೆಳೆಯರಿಗೆ ಕಾಗದ ಬರೆದು ತೋಡಿಕೊಂಡರು. ಅವರ ಮಕ್ಕಳದ್ದು ಇಂಥ ಸಾವು ಅಂತ ನಾವು ಹೇಳ್ತಿಲ್ಲ. ಅಷ್ಟು ದೊಡ್ಡ ಮನುಷ್ಯ ಕೂಸಿಗಾಗಿ ಅತ್ತದ್ದನ್ನು ಮುಚ್ಚಿಡಲಿಲ್ಲ, ಅದನ್ನು ಹೇಳ್ತಿದ್ದೇವೆ.

ಆದ್ದರಿಂದ ಮಣ್ಣು ಮಾಡುವ ದಿನ ನೋಡಿಕೊಂಡವಳನ್ನೂ ಕರೆಯಿರಿ. ಅಂಗನವಾಡಿ, ಕೂಸಿನ ಮನೆಗಳಲ್ಲಿ ಕೆಲಸ ಮಾಡುವವಳಿಗೆ ಸಂಬಳ ಕಡಿಯದೆ ಕೆಲವು ದಿನ ರಜೆ ಕೊಡಬೇಕು, ಕೆಲಸದಿಂದ ತೆಗೆಯಬಾರದು. ಶಿಶು ಮರಣದ ವಿಚಾರಣೆ ಮಾಡಬೇಕು ಅಂತ 2014ರಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಏನು ಗೊತ್ತಾಯಿತು ಅಂತ ತಾಯಿಗೂ ಇವಳಿಗೂ ಕನ್ನಡದಲ್ಲಿ, ಬಾಯಿಮಾತಿನಲ್ಲಿ ತಿಳಿಸಬೇಕು.

ಪೊಲೀಸರು ಬಂದರೆ ಹೆದರಬೇಡಿ. ಕಾರಣ ತಿಳಿಯದ ಸಾವಿಗೆ ವಿಚಾರಣೆ ನಡೆಯುವುದು ಕಾನೂನು. ಹಿಂದೆ 174ನೇ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194. ವಿಚಾರಣೆ ಅಂದರೆ ಆರೋಪ ಅಲ್ಲ. ಸಾಕ್ಷಿ ಹೇಳಬೇಕಾದ ಹೆಂಗಸನ್ನು ಅವಳು ವಾಸವಿರುವ ಜಾಗ ಬಿಟ್ಟು ಠಾಣೆಗೆ ಬಾ ಅನ್ನುವಂತಿಲ್ಲ, ಅದೇ ಸಂಹಿತೆಯ 179ನೇ ಕಲಮಿನಲ್ಲಿದೆ. ಹೆಣ ಪರೀಕ್ಷೆ ಬೇಡ ಅಂತ ಅಳುವ ಮನೆಯವರ ಸಂಕಟ ನಮಗೆ ಅರ್ಥವಾಗ್ತದೆ. ಆದರೆ ಎಷ್ಟೋ ಸಲ ನೋಡಿಕೊಂಡವಳನ್ನು ಉಳಿಸುವುದೂ ಆ ಒಂದು ಕಾಗದವೇ.

ಇನ್ನೂ ಮಾತಿದೆ, ಕೊನೆ ಬಸ್ಸಿಗೆ ಹೋಗಬೇಕಾದವರಿದ್ದಾರೆ. ಹೋಗುವ ಮೊದಲು ಒಂದೊಂದು ತಾಲ್ಲೂಕಿನಿಂದ ಇಬ್ಬಿಬ್ಬರು ಹೆಂಗಸರು ಹೆಸರು ಕೊಡಿ. ಇಂಥ ಸಾವಿನ ಸುದ್ದಿ ಬಂದ ದಿನವೇ ಎರಡು ಮನೆಗೂ ಹೋಗಬೇಕು, ಹೆತ್ತವಳ ಮನೆಗೂ, ನೋಡಿಕೊಂಡವಳ ಮನೆಗೂ. ಬಸ್ ಚಾರ್ಜು ಸಂಘದಿಂದ ಕೊಡ್ತೀವಿ. ಕಾಗದ ಪೆನ್ನು ಬಾಗಿಲ ಹತ್ತಿರ ಇದೆ, ಬರೆಯೋಕೆ ಬಾರದವರು ಹೇಳಿದರೆ ಸಾಕು, ನಾವೇ ಬರೆದುಕೊಳ್ತೀವಿ.