ಟ್ರಂಕಿನ ಬೀಗ, ಫೋನಿನ ಬೀಗ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾವು ಮಾತನಾಡಬೇಕಾಗಿರುವ ವಸ್ತು ನಮ್ಮೆಲ್ಲರ ಜೇಬಿನಲ್ಲಿಯೇ ಇದೆ. ಭಾಷಣ ಮುಗಿಯುವವರೆಗೆ ಅದನ್ನು ಅಲ್ಲಿಯೇ ಇರಗೊಟ್ಟರೆ ದೊಡ್ಡ ಉಪಕಾರವಾದೀತು.

ಮುಂಬಯಿಗೆ ದುಡಿಯಲು ಬಂದ ನಮ್ಮ ಹಿರಿಯರಿಗೆ ಗುಟ್ಟೆಂಬುದೇ ಇರಲಿಲ್ಲವೆಂದು ಕೆಲವರು ಹೇಳುವುದುಂಟು. ಗಿರಣಿಯವರು ಚಾಳಿನ ಒಂದೇ ಖೋಲಿಯಲ್ಲಿ ಹತ್ತಾರು ಮಂದಿ. ಒಬ್ಬನು ಪಾಳಿಗೆ ಎದ್ದು ಹೋದ ಚಾಪೆಯ ಮೇಲೆ ಪಾಳಿ ಮುಗಿಸಿ ಬಂದವನು ಮಲಗಬೇಕು. ಹೋಟೆಲಿನ ಹುಡುಗರಿಗಂತೂ ಬಾಗಿಲು ಹಾಕಿದ ಮೇಲೆ ಮೇಜುಗಳೇ ಮಂಚ. ಊರಿನಿಂದ ಬಂದ ಕಾಗದವನ್ನು ಓದುಬಾರದವನಿಗೆ ಮತ್ತೊಬ್ಬನು ಓದಿ ಹೇಳಬೇಕು. ಇದೆಲ್ಲ ನಿಜ. ಆದರೆ ಪ್ರತಿಯೊಬ್ಬನಿಗೂ ಒಂದು ತಗಡಿನ ಟ್ರಂಕು ಇತ್ತು, ಅದಕ್ಕೊಂದು ಬೀಗವಿತ್ತು, ಬೀಗದ ಕೈ ಉಡಿದಾರದಲ್ಲಿತ್ತು. ಕಾಗದ ಓದಿಸುವುದಕ್ಕೂ ಸಿಕ್ಕ ಸಿಕ್ಕವರ ಬಳಿಗೆ ಹೋಗುತ್ತಿರಲಿಲ್ಲ. ಬಾಯಿ ಗಟ್ಟಿಯಿದ್ದ ಒಬ್ಬನನ್ನು ಹುಡುಕಿಕೊಂಡು ಹೋಗುತ್ತಿದ್ದರು. ಗುಟ್ಟೆಂದರೆ ಯಾರಿಗೂ ಏನನ್ನೂ ಹೇಳದಿರುವುದಲ್ಲ. ಯಾರಿಗೆ ಎಷ್ಟು ಹೇಳಬೇಕೆಂಬುದನ್ನು ನಾವೇ ನಿಶ್ಚಯಿಸುವುದು.

ಈಗಿನ ಸ್ಥಿತಿಯನ್ನು ನೋಡಿರಿ. ಊರಿನ ಹೆಸರಿನದೊಂದು ವಾಟ್ಸಾಪ್ ಗುಂಪು. ಅದರಲ್ಲಿ ಇನ್ನೂರು ಮುನ್ನೂರು ಮಂದಿ. ಅವರಲ್ಲಿ ನಮಗೆ ಮುಖಪರಿಚಯವಿರುವವರು ಎಷ್ಟು? ಅಲ್ಲಿ ಮಗಳ ಶಾಲೆಯ ಹೆಸರು, ಹೊಸ ಖೋಲಿಯ ವಿಳಾಸ, "ನಾವೆಲ್ಲರೂ ಊರಿಗೆ ಹೊರಟೆವು, ಹದಿನೈದು ದಿನ ಇರುವುದಿಲ್ಲ" ಎಂಬ ಸುದ್ದಿ, ಜೊತೆಗೆ ರೈಲಿನ ಟಿಕೇಟಿನ ಚಿತ್ರ! ದಾದರ್ ಸ್ಟೇಷನ್ನಿನಲ್ಲಿ ನಿಂತು ಈ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಕೆಲವು ಹೋಟೆಲುಗಳಲ್ಲಿ ಕೆಲಸಗಾರರೆಲ್ಲರ ಆಧಾರ್ ಕಾರ್ಡನ್ನು ಒಂದೇ ಗುಂಪಿಗೆ ಹಾಕಿಸುವ ಪದ್ಧತಿಯೂ ಉಂಟಂತೆ. ಇದು ಸರಿಯಲ್ಲ. ಮಾಲಿಕರಿಗೆ ಗುರುತುಪತ್ರ ಬೇಕಾದರೆ ಅವರೊಬ್ಬರಿಗೇ ಕೊಡೋಣ. ಮೊದಲ 8 ಅಂಕಿಗಳನ್ನು ಮರೆಮಾಡಿ ಕೊನೆಯ 4 ಅಂಕಿಗಳನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯನ್ನು ಸರಕಾರವೇ ಒದಗಿಸುತ್ತದೆ. ಅದು ಸಾಲುವ ಕಡೆ ಅದನ್ನೇ ಕೊಡೋಣ.

"ದುಡಿದು ತಿನ್ನುವವನಿಗೆ ಎಂತಹ ಗುಟ್ಟು ಮಾರಾಯರೇ, ಅದೆಲ್ಲ ದೊಡ್ಡವರ ಮಾತು" ಎನ್ನುವವರು ನಮ್ಮಲ್ಲಿದ್ದಾರೆ. ಅವರಿಗೆ ನಮ್ಮ ನಾಡಿನವರೇ ಒಬ್ಬರನ್ನು ನೆನಪಿಸಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಲು ಹತ್ತಿದರು. ಅವರ ಹೆಸರಿನ ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು. ಮರುವರ್ಷ ಆಧಾರ್ ಕಾಯಿದೆಯ ಬಹುಭಾಗವನ್ನು ಅದೇ ನ್ಯಾಯಾಲಯವು ಎತ್ತಿಹಿಡಿಯಿತೆಂಬುದು ಬೇರೆ ಮಾತು. ಆದರೆ ಹಕ್ಕು ಉಳಿಯಿತು. ಗಲ್ಲಾದ ಮೇಲೆ ಕುಳಿತವರಿಗೆ ಒಂದು, ಲೋಟ ತೊಳೆಯುವವನಿಗೆ ಒಂದು ಎಂದು ಆ ತೀರ್ಪಿನಲ್ಲಿ ಭೇದವಿಲ್ಲ.

ಇನ್ನು ಮೋಸದ ಬಗೆಗಳು. ಎಲ್ಲವನ್ನೂ ಹೇಳುತ್ತಾ ಹೋದರೆ ರಾತ್ರಿಯ ಊಟ ತಪ್ಪೀತು. ನಮ್ಮವರನ್ನು ಹೆಚ್ಚಾಗಿ ಕಾಡುವ ಕೆಲವನ್ನು ಮಾತ್ರ ಹೇಳುತ್ತೇವೆ.

ನಿಮ್ಮ ಫೋನಿಗೆ 6 ಅಂಕಿಗಳ ಸಂಖ್ಯೆಯೊಂದು ಬರುತ್ತದೆ. ಬೆನ್ನಿಗೇ ಪರಿಚಿತರ ಹೆಸರಿನಲ್ಲಿ ಸಂದೇಶ: "ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ತಿಳಿಸಿ." ಆ ಸಂಖ್ಯೆ ನಿಮ್ಮ ವಾಟ್ಸಾಪಿನ ಬೀಗದ ಕೈ. ಕೊಟ್ಟಿರೆಂದರೆ ನಿಮ್ಮ ವಾಟ್ಸಾಪು ಕಳ್ಳನ ಫೋನಿಗೆ ಹೋಯಿತು. ನಿಮ್ಮ ಹೆಸರಿನಿಂದ ನಿಮ್ಮ ಅಣ್ಣ, ಭಾವ, ಸೋದರಮಾವಂದಿರಿಗೆಲ್ಲ "ಆಸ್ಪತ್ರೆಯಲ್ಲಿದ್ದೇನೆ, ಹತ್ತು ಸಾವಿರ ಹಾಕಿ" ಎಂದು ಹೋಗುತ್ತದೆ. ಕಳ್ಳನಿಗೆ ಬೇಕಾದುದು ನಿಮ್ಮ ಹಣವಲ್ಲ, ನಿಮ್ಮ ಮೇಲೆ ಹತ್ತು ಮಂದಿಗಿರುವ ನಂಬಿಕೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ಎಂಬುದೊಂದಿದೆ. ಅಲ್ಲಿ ನಿಮ್ಮದೇ ಆದ ಇನ್ನೊಂದು 6 ಅಂಕಿಯ ಪಿನ್ ಇಟ್ಟುಕೊಂಡರೆ ಅದು ಎರಡನೆಯ ಬೀಗ.

ಮದುವೆಯ ಕರೆಯೋಲೆಯ ಮೋಸ ಇನ್ನೊಂದು. ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ಆ್ಯಪು. ಮುಟ್ಟಬೇಡಿರಿ. ಮದುವೆ ನಿಜವಾಗಿದ್ದರೆ ಮನೆಯವರು ಫೋನು ಮಾಡಿಯೇ ಮಾಡುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕೆಂದು ಯಾರಾದರೂ ಹೇಳಿದರೆ ಅದೂ ಸುಳ್ಳು. ಆ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ.

ಗಿರಣಿಗಳು 1982ರ ಮುಷ್ಕರದ ತರುವಾಯ ಒಂದೊಂದಾಗಿ ಬಾಗಿಲು ಹಾಕಿದುವು. ಮ್ಹಾಡಾದ ಮನೆಗಾಗಿ ಕಾದ ಗಿರಣಿ ಕುಟುಂಬಗಳ ಸಂಕಟ ನಮಗೆ ತಿಳಿಯದ್ದಲ್ಲ. "ಹೆಸರು ಮೇಲೆ ತರಿಸುತ್ತೇವೆ, ಗಿರಣಿಯ ಗುರುತುಚೀಟಿ, ಪಿಎಫ್ ಕಾಗದ, ಆಧಾರ್ ಎಲ್ಲವನ್ನೂ ವಾಟ್ಸಾಪಿನಲ್ಲಿ ಕಳಿಸಿ" ಎನ್ನುವ ಅಪರಿಚಿತನಿಗೆ ಅಪ್ಪನ ಇಡೀ ಬಾಳಿನ ದಾಖಲೆಯನ್ನು ಒಪ್ಪಿಸಬೇಡಿರಿ.

ಹೋಟೆಲಿನ ಎಳೆಯರಿಗೆ ಬೇರೊಂದು ಮಾತು. "ನಿನ್ನ ಬ್ಯಾಂಕಿನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಒಂದು ತಿಂಗಳ ಮಟ್ಟಿಗೆ ಕೊಡು, ಐದು ಸಾವಿರ ಕೊಡುತ್ತೇವೆ" ಎಂದು ಆಸೆ ಹುಟ್ಟಿಸುವವರಿದ್ದಾರೆ. ಬೇರೆ ಯಾರನ್ನೋ ಸುಲಿದ ಹಣವು ಆ ಖಾತೆಯೊಳಗಿಂದ ಹರಿದು ಹೋಗುತ್ತದೆ. ಕೊನೆಗೆ ಪೋಲೀಸರು ಬರುವುದು ಪಾಸ್‌ಬುಕ್ಕಿನಲ್ಲಿ ಹೆಸರಿರುವವನ ಬಳಿಗೆ. ಐದು ಸಾವಿರ ಕೊಟ್ಟವನ ನಿಜ ಹೆಸರೂ ಆ ಹುಡುಗನಿಗೆ ಗೊತ್ತಿರುವುದಿಲ್ಲ. ಊರಿನಲ್ಲಿ ತಾಯಿ ಮಾತ್ರ ಮಗ ಮುಂಬಯಿಯಲ್ಲಿ ಕೆಲಸದಲ್ಲಿದ್ದಾನೆಂದು ನಂಬಿ ಕುಳಿತಿರುತ್ತಾಳೆ.

ಖಾಕಿ ತೊಟ್ಟವನೊಬ್ಬ ವಿಡಿಯೋದಲ್ಲಿ ಕಾಣಿಸಿಕೊಂಡು, "ನಿನ್ನ ಹೆಸರಿನ ಪಾರ್ಸೆಲಿನಲ್ಲಿ ಮಾದಕದ್ರವ್ಯ ಸಿಕ್ಕಿದೆ, ನೀನು ಡಿಜಿಟಲ್ ಅರೆಸ್ಟಿನಲ್ಲಿದ್ದಿ, ಯಾರಿಗೂ ಹೇಳಕೂಡದು" ಎಂದು ಗದರಿಸುವುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅಂತಹ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಆದರೆ ಅವನ ಮಾತಿನ ಕೊನೆಯ ತುಂಡನ್ನು ಗಮನಿಸಿರಿ: ಯಾರಿಗೂ ಹೇಳಕೂಡದು. ಅವನ ವ್ಯಾಪಾರವೆಲ್ಲ ನಿಂತಿರುವುದು ಆ ಒಂದು ಮಾತಿನ ಮೇಲೆ.

ಇಲ್ಲಿಯೇ ನಾವು ಹೇಳಬೇಕೆಂದಿರುವ ಮುಖ್ಯ ವಿಚಾರ ಬಂತು. ಮುಚ್ಚಿಡಬೇಕಾದ ವಿಳಾಸ, ಅಂಕಿ, ಚಿತ್ರಗಳನ್ನು ನಮ್ಮ ಜನ ತೆರೆದಿಡುತ್ತಾರೆ. ತೆರೆದು ಹೇಳಬೇಕಾದ ನಷ್ಟವನ್ನು ಮುಚ್ಚಿಡುತ್ತಾರೆ. ಹಣ ಕಳೆದುಕೊಂಡವನು ಮೊದಲು ಯೋಚಿಸುವುದು ಹಣದ ಮಾತಲ್ಲ, "ನಾಲ್ಕು ಜನ ಏನೆಂದಾರು" ಎಂಬುದು. ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ಯಾರಲ್ಲಾದರೂ ಬಾಯಿಬಿಡುತ್ತಾನೆ. ಅಷ್ಟರಲ್ಲಿ ಆ ಹಣ ಹಲವು ಖಾತೆಗಳನ್ನು ದಾಟಿ ಹೋಗಿರುತ್ತದೆ. 1930 ಎಂಬ ಸಂಖ್ಯೆಗೆ ಒಡನೆಯೇ ಫೋನು ಮಾಡಿದರೆ, ಹಣ ಹೋಗಿ ಸೇರಿದ ಖಾತೆಯಲ್ಲಿಯೇ ಅದನ್ನು ತಡೆಹಿಡಿಯುವ ಏರ್ಪಾಡು ಸರಕಾರದಲ್ಲಿದೆ. ಎಲ್ಲರಿಗೂ ಸಿಕ್ಕಿಯೇ ಸಿಗುತ್ತದೆಂದು ನಾವು ಭರವಸೆ ಕೊಡಲಾರೆವು. ತಡಮಾಡಿದವರಿಗೆ ಸಿಗುವುದು ಕಷ್ಟವೆಂಬುದಂತೂ ನಿಶ್ಚಯ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೌನ ಇನ್ನೂ ಕ್ರೂರ. ಹುಡುಗಿಯ ಚಿತ್ರವನ್ನು ಕೆಟ್ಟದಾಗಿ ತಿದ್ದಿ ಹೆದರಿಸುವವನಿಗೆ ಅವಳ ಅಪ್ಪನ ಸಿಟ್ಟೇ ಬಂಡವಾಳ. ಸುದ್ದಿ ಕೇಳಿದೊಡನೆ ಫೋನು ಕಿತ್ತುಕೊಂಡು, ಕಾಲೇಜು ಬಿಡಿಸಿ, ಊರಿಗೆ ಅಟ್ಟುವ ತಂದೆಯಿದ್ದ ಮನೆಯಲ್ಲಿ ಯಾವ ಮಗಳು ಬಾಯಿಬಿಟ್ಟಾಳು? ತಂದೆತಾಯಿಗಳು ಇಂದೇ, ಏನೂ ಆಗದಿರುವಾಗಲೇ, ಮಗಳನ್ನು ಕೂರಿಸಿಕೊಂಡು ಹೇಳಬೇಕು: "ಅಂತಹದೇನಾದರೂ ಬಂದರೆ ಮೊದಲು ನಮಗೆ ಹೇಳಮ್ಮಾ, ಬೈಯುವುದಿಲ್ಲ." ಹೇಳಿದ ಮೇಲೆ ನಿಜವಾಗಿಯೂ ಬೈಯಬಾರದು. ಬಂದ ಬೆದರಿಕೆಯ ಸಂದೇಶಗಳನ್ನು ಅಳಿಸದೆ ಪೋಲೀಸರಿಗೆ ತೋರಿಸಬೇಕು, ಅವನು ಕೇಳಿದ ಹಣವನ್ನು ಕೊಡಬಾರದು. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ.

ಸಂಘದ ಕಾರ್ಯಕಾರಿ ಸಮಿತಿಯು ಈ ಬಗ್ಗೆ ಒಂದು ನಿರ್ಧಾರ ಕೈಗೊಂಡಿದೆ. ಮುಂದಿನ ತಿಂಗಳಿನಿಂದ ಪ್ರತಿ ಭಾನುವಾರ ಮಧ್ಯಾಹ್ನ 3ರಿಂದ 5ರವರೆಗೆ, ಹೋಟೆಲಿನವರಿಗೆ ಬಿಡುವಿರುವ ಹೊತ್ತಿನಲ್ಲಿ, ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳು ಕಚೇರಿಯಲ್ಲಿ ಕುಳಿತು ಸದಸ್ಯರಿಗೆ ಫೋನಿನ ಬೀಗಗಳನ್ನು ಹಾಕಿಕೊಳ್ಳಲು ಕಲಿಸುವರು. ಮೋಸಹೋದವರ ಹೆಸರನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. 1930ಕ್ಕೆ ಫೋನು ಮಾಡುವಾಗ ಪಕ್ಕದಲ್ಲಿ ಒಬ್ಬರು ಕುಳಿತಿರುತ್ತಾರೆ, ಅಷ್ಟೆ. ನಿಮ್ಮ ಪಿನ್ನನ್ನು ಆ ಹುಡುಗರಿಗೂ ಹೇಳಬೇಡಿರಿ. ಕೇಳಿದರೆ ಕಾರ್ಯದರ್ಶಿಗಳಿಗೆ ದೂರು ಕೊಡಿರಿ. ಮತ್ತು ಫೋನನ್ನು ಚಾರ್ಜು ಮಾಡಿಕೊಂಡೇ ಬನ್ನಿರಿ. ಕಚೇರಿಯಲ್ಲಿ ಇರುವುದು ಎರಡೇ ಪ್ಲಗ್ಗು, ಒಂದು ಫ್ಯಾನಿಗೆ ಹೋಗಿದೆ.